ಲಾರಿ ಎಣಿಸಲು ಹೋಗಿ ಮೂಟೆ ಎಣಿಸಿದ್ದು

ಶಿವಮೊಗ್ಗ ಸುತ್ತಮುತ್ತಲಿನ ರಸ್ತೆ ಯೋಜನೆಗೆ ಸರಕು ಸಾಗಾಟದ ಲೆಕ್ಕ ಬೇಕಿತ್ತು. ಆ ಕೆಲಸ ನಮ್ಮ ತಂಡಕ್ಕೆ ಬಂತು. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ತೀರ್ಥಹಳ್ಳಿ ರಸ್ತೆ ಬದಿ ಕುರ್ಚಿ ಹಾಕಿಕೊಂಡು ಏಳು ದಿನ, ಹಗಲು ರಾತ್ರಿ, ಹೋಗಿ ಬರುವ ಗಾಡಿಗಳಿಗೆ ಗೀಟು ಎಳೆದೆವು. ವರ್ಷಕ್ಕೆ ಕನಿಷ್ಠ ಎರಡು ಸಲ ಹೀಗೆ ಎಣಿಸಬೇಕು ಅನ್ನುವುದು ರಸ್ತೆ ಕೆಲಸದ ಮಾನದಂಡ ಹಾಕುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪದ್ಧತಿ.

ಎಷ್ಟು ಲಾರಿ ಅಂತ ಗೊತ್ತಾಯ್ತು, ಅಷ್ಟೇ. ಟಾರ್ಪಾಲು ಹೊದ್ದ ಲಾರಿ ನೋಡಿ ಒಳಗಿರುವುದು ಅಡಿಕೆಯೋ ಅಕ್ಕಿಯೋ ಅಂತ ಹೇಳಲು ಆಗುತ್ತಾ?

ಟೀ ಅಂಗಡಿ ಮುಂದೆ ನಿಂತಿದ್ದ ಚಾಲಕರನ್ನು ಕೇಳಿದೆ, "ಎಷ್ಟು ಟನ್ ಅಣ್ಣ ಲೋಡು?"

"ಎಷ್ಟು ಪಾಸಿಂಗ್ ಇದೆಯೋ ಅಷ್ಟೇ ಸಾರ್. ನೀವು ಆರ್‌ಟಿಓದವ್ರಾ?"

ಪಾಸಿಂಗ್ ಅಂದರೆ ಗಾಡಿಗೆ ಅನುಮತಿ ಇರುವ ಭಾರ. ಅವರ ತಪ್ಪೇನಿಲ್ಲ. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದ ಮಿತಿ 2018ರಲ್ಲಿ 11.5 ಟನ್ ಆಯ್ತು, ಆದರೂ ಓವರ್‌ಲೋಡ್ ದಂಡದ ಭಯ ಹೋಗಿಲ್ಲ. ಟನ್ ಅಂದ ಕೂಡಲೇ ಬಾಯಿ ಮುಚ್ಚುತ್ತಿದ್ದರು. ಹಾಗಾಗಿ ಮೂಟೆ ಲೆಕ್ಕ ಕೇಳಲು ಶುರು ಮಾಡಿದೆ. ಆಗ ಗೊತ್ತಾಯ್ತು, ಕೇಳಬೇಕಾದದ್ದು ಚಾಲಕರನ್ನಲ್ಲ, ಹಮಾಲರನ್ನು. ಅವರ ಕೂಲಿಯೇ ಮೂಟೆ ಲೆಕ್ಕದ್ದು, ಒಂದು ಮೂಟೆಯೂ ತಪ್ಪುವುದಿಲ್ಲ. ಮಂಡಿಯಲ್ಲಿ ಕೂತರೆ ಯಾವ ಲಾರಿಗೆ ರಾಶಿ ಇಡಿ ಅಡಿಕೆ, ಯಾವುದಕ್ಕೆ ಗೊರಬಲು ಅಡಿಕೆ, ಎಲ್ಲ ಬಾಯಲ್ಲೇ ಹೇಳುತ್ತಿದ್ದರು.

ವರ್ತಕರದು ಇನ್ನೊಂದು ಕಥೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಸಾಗಾಟಕ್ಕೆ ಜಿಎಸ್‌ಟಿಯವರ ಆನ್‌ಲೈನ್ ಚೀಟಿ, ಬೇಕಲ್ವಾ, ನಮ್ಮ ಪಟ್ಟಿ ಕೂಡ ತೆರಿಗೆಯವರ ಕೈಗೇ ಹೋಗುತ್ತದೆ ಅಂದುಕೊಂಡಿದ್ದರು. ಹೆಸರು, ಗಾಡಿ ನಂಬರು, ಬೆಲೆ ಯಾವುದೂ ಬೇಡ ಅಂದ ಮೇಲೆ ಕೆಲವರು ಲೋಡಿಂಗ್ ಪುಸ್ತಕ ಬಿಚ್ಚಿದರು.

ಎಡವಿದ್ದು ಅದಾದ ಮೇಲೆ. ಊರು, ಸರಕು, ವಾರ ಅಂತ ಪಟ್ಟಿ ಮಾಡಿ ಯೋಜನೆಯವರಿಗೂ ಲಾರಿ ಮಾಲೀಕರಿಗೂ ಕಳಿಸಿದೆ. ಮರುದಿನವೇ ಒಬ್ಬ ವರ್ತಕರ ಫೋನು. "ಹೆಸರು ಬರಲ್ಲ ಅಂದ್ರಲ್ಲ ಸಾರ್? ನಮ್ಮೂರಲ್ಲಿ ಶುಂಠಿ ಲೋಡ್ ಮಾಡೋದು ನಾನೊಬ್ಬನೇ!" ನನಗೆ ಮಾತೇ ಹೊರಡಲಿಲ್ಲ. ಹೆಸರು ಅಳಿಸಿದ್ದೆ, ಊರು ಅಳಿಸಿರಲಿಲ್ಲ. ಪಟ್ಟಿ ವಾಪಸ್ ತರಿಸಿಕೊಂಡು ಊರಿನ ಬದಲು ತಾಲ್ಲೂಕು ಹಾಕಿದೆ. ಒಂದು ಸಾಲಿನಲ್ಲಿ ಮೂರಕ್ಕಿಂತ ಕಡಿಮೆ ವರ್ತಕರಿದ್ದರೆ ಪಕ್ಕದ ತಾಲ್ಲೂಕಿನ ಜೊತೆ ಸೇರಿಸಿದೆ. ವಿವರ ಸ್ವಲ್ಪ ಮಸುಕಾಯ್ತು. ಯೋಜನೆಯವರು ಗೊಣಗಿದರು. ಗೊಣಗಲಿ, ಮುಂದಿನ ಸಲ ಯಾರೂ ಪುಸ್ತಕವನ್ನೇ ಬಿಚ್ಚದಿದ್ದರೆ ಏನು ಮಾಡುವುದು?

ಮಳೆಗಾಲದಲ್ಲಿ ಇನ್ನೊಂದು ಖಾನೆ ಸೇರಿಸಬೇಕಾಯ್ತು: ಯಾವ ಘಾಟಿ ಇಳಿಯುತ್ತೀರಿ? ಆಗುಂಬೆಯಲ್ಲಿ ಭಾರಿ ವಾಹನ ನಿಲ್ಲಿಸಿದಾಗ ಕರಾವಳಿಯ ಸರಕು ಹುಲಿಕಲ್ ಕಡೆ ತಿರುಗುತ್ತದೆ. ಆ ವಾರ ಆಗುಂಬೆ ರಸ್ತೆಯಲ್ಲಿ ಮಾತ್ರ ಎಣಿಸಿದವರು ಸಾಗಾಟವೇ ಬಿದ್ದುಹೋಯ್ತು ಅಂತ ಬರೆದುಬಿಡುತ್ತಾರೆ.

ಲಾರಿ ಮಾಲೀಕರಿಗೆ ಹಿಡಿಸಿದ್ದು ಮಾತ್ರ ನಾನು ಸುಮ್ನೆ ಹಾಕಿದ್ದ "ಖಾಲಿ" ಅನ್ನುವ ಖಾನೆ. ಯಾವ ದಾರಿಯಲ್ಲಿ ಗಾಡಿ ಖಾಲಿ ವಾಪಸ್ ಬರುತ್ತದೆ ಅಂತ ಗೊತ್ತಾದರೆ ರಿಟರ್ನ್ ಲೋಡ್ ಹುಡುಕುವುದು ಸುಲಭ. ಈಗ ತಿಂಗಳಾದರೆ ಅವರೇ ಪಟ್ಟಿ ಕೇಳುತ್ತಾರೆ.

ಸೊರಬ, ಶಿಕಾರಿಪುರ ಕಡೆ ಶುಂಠಿ ಸುತ್ತು ಬಾಕಿ ಇದೆ. ಅಲ್ಲಿ ಲೋಡಿಂಗ್ ಹೊಲದ ಬದಿಯಲ್ಲೇ. ಮಂಡಿಯಲ್ಲಿ ಕೂತು ಬರೆಯುವ ಸುಖ ಇಲ್ಲ, ಬೈಕಿನಲ್ಲೇ ತಿರುಗಬೇಕು.