ಮೂರು ಪೀಪಾಯಿ ಎರಡಾಗಿಸಿದ್ದು

ಬೆಂಗಳೂರಿನಲ್ಲಿ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಬಾರ್ಲಿ ಮಾಲ್ಟಿನ ವಿಸ್ಕಿ) ಮಾಗಿಸುವವರಿಗೆ ಮರದ ಪೀಪಾಯಿಯಿಂದ ಆವಿಯಾಗಿ ಹೋಗುವುದರ ಲೆಕ್ಕ ಹೊಸದಲ್ಲ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಹೋದರೆ ಇಲ್ಲಿ ಶೇ. 10ರಿಂದ 12. ಇಲ್ಲಿನ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಾಟಲಿ ಬಿಡುಗಡೆ ಮಾಡಿದ ಮೇಲೆ ನಮ್ಮ ಹವೆಯಲ್ಲಿ ಒಳ್ಳೆಯ ಮಾಲ್ಟ್ ಆಗುತ್ತದೆ ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ಮಾಗುವಷ್ಟರಲ್ಲಿ ಎಷ್ಟು ಉಳಿದೀತು ಅನ್ನುವುದೇ ನಮ್ಮಂಥ ಮನೆಮಂದಿಯ ಸಣ್ಣ ಡಿಸ್ಟಿಲರಿಗಳ ಸಂಕಟ.

ನಮ್ಮ ಗೋದಾಮಿನಲ್ಲಿ ಅಳೆದು ನೋಡಿದಾಗ, ಅಮೆರಿಕದ ಬೋರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿ ತುಂಬಿರಲಿ, ಅರೆಬರೆ ಇರಲಿ, ವರ್ಷಕ್ಕೆ ಹೋಗುವುದು ಸುಮಾರು 22 ಲೀಟರೇ. 200 ಲೀಟರ್ ತುಂಬಿದ್ದು ಮೂರು ವರ್ಷಕ್ಕೆ 135ರ ಹತ್ತಿರ. ಹಾಗಿದ್ದರೆ ಮೂರರಲ್ಲಿರುವುದನ್ನು ಎರಡಕ್ಕೇ ತುಂಬಿದರೆ ಸರಿ ಅಂದೆ. "ಮಾಗ್ತಾ ಇರೋದನ್ನ ಕೆದಕಬೇಡ ಕಣೋ, ರುಚಿ ಕೆಡುತ್ತೆ" ಅಂದರು ಚಿಕ್ಕಪ್ಪ. ಹೊರಗಿನಿಂದ ಕರೆಸಿದ ಸಲಹೆಗಾರರದೂ ಅದೇ ಮಾತು.

ಮೊದಲ ಸರದಿ ಕೆಟ್ಟಿತು. ಮೂರರಲ್ಲೊಂದು ಶೆರ್ರಿ ವೈನ್ ಇಟ್ಟಿದ್ದ ಪೀಪಾಯಿ; ಅದರ ಗಂಧಕದ ವಾಸನೆ, ಸುಟ್ಟ ಬೆಂಕಿಕಡ್ಡಿಯದೇ ವಾಸನೆ, ಒಳ್ಳೆಯ ಎರಡಕ್ಕೂ ಹತ್ತಿತು. ಸುಮಾರು 400 ಲೀಟರ್ ಬ್ಲೆಂಡಿಗೆ (ಬೆರಕೆ ವಿಸ್ಕಿಗೆ) ಹೋಯಿತು, ಮಾಲ್ಟಿನ ಬೆಲೆಯ ಕಾಲು ಭಾಗವೂ ಬರಲಿಲ್ಲ. ಅಪ್ಪ ಒಂದು ವಾರ ಮಾತಾಡಲಿಲ್ಲ. ಇನ್ನೊಂದು ಸರದಿಯಲ್ಲಿ ಒಣಗಿ ಬಂದ ಪೀಪಾಯಿಯ ಪಟ್ಟಿ ಸಡಿಲವಾಗಿ ರಾತ್ರಿಯಿಡೀ ಸೋರಿತು. ಈಗ ಬಿಸಿನೀರು ತುಂಬಿ, ಹಲಗೆ ಉಬ್ಬಿ ಸಂದು ಮುಚ್ಚಿಕೊಂಡಿದ್ದನ್ನು ಕೈಯಾರೆ ಸವರಿ ನೋಡಿದ ಮೇಲಷ್ಟೇ ಸ್ಪಿರಿಟ್ ಒಳಗೆ. ಅಬಕಾರಿ ಲೆಕ್ಕಪುಸ್ತಕದ ಕೆಲಸ ಹೆಚ್ಚಿತು, ಅದು ಬಿಡಿ.

ಕೂಡಿಸಿದ ಮೇಲೆ ಇನ್ನೆರಡು ವರ್ಷ ಇಟ್ಟೆವು. ಮೂರರಲ್ಲೇ ಬಿಟ್ಟಿದ್ದರೆ 270 ಲೀಟರ್ ಸಿಗುತ್ತಿತ್ತು. ಎರಡರಲ್ಲಿ 310 ದಾಟಿತು. ನೀರು ಬೆರೆಸಿ ಆಲ್ಕೋಹಾಲನ್ನು ಶೇ. 46ಕ್ಕೆ ತಂದರೆ ಪ್ರತಿ ಮೂರು ಪೀಪಾಯಿಗೆ 65-70 ಬಾಟಲಿ ಹೆಚ್ಚು. ಮೇಲೊಂದು ಪೀಪಾಯಿ ಖಾಲಿ. ಹೊಸದು ತರಿಸಲು ಸಾಗಾಟ ಸೇರಿ ಹದಿನೈದು ಸಾವಿರಕ್ಕೆ ಕಡಿಮೆಯಿಲ್ಲ. ರುಚಿಯೋ, ಕಣ್ಣುಕಟ್ಟಿ ಕುಡಿಸಿದಾಗ ಚಿಕ್ಕಪ್ಪ ಆರಿಸಿದ್ದು ಇದನ್ನೇ! ಯಾವ ತಿಂಗಳಲ್ಲಿ ಕೂಡಿಸಬೇಕು, ಯಾವುದಕ್ಕೆ ಯಾವುದು ಜೋಡಿ ಅನ್ನುವುದು ಮಾತ್ರ ನಮ್ಮ ಮನೆಯೊಳಗೇ ಇರಲಿ.

ಖಾಲಿಯಾದ ಒಂದರಲ್ಲಿ ರಾಗಿ ಸ್ಪಿರಿಟ್ ಇಟ್ಟಿದ್ದೇನೆ. ಬಾರ್ಲಿಗಿರುವಂಥ ಹೊಟ್ಟು ರಾಗಿಗಿಲ್ಲದ ಕಾರಣ ಅದರ ಮಾಲ್ಟ್ ಅಂಬಲಿಯಾಗಿ, ರಸ ಸೋಸುವ ಜರಡಿ ಕಟ್ಟಿಕೊಂಡಿತ್ತು. ಭತ್ತದ ಹೊಟ್ಟು ಬೆರೆಸಿದೆ, ರಸ ಸಲೀಸಾಗಿ ಇಳಿಯಿತು. ಇನ್ನೂ ವರ್ಷ ತುಂಬಿಲ್ಲ, ಬಣ್ಣ ಆಗಲೇ ಚೆನ್ನಾಗಿ ಬಂದಿದೆ.