ನಿಮ್ಮ ಊರಿನ ಎಂಬಿಎ ಕಾಲೇಜನ್ನು ಬದಲಿಸುವುದು ಹೇಗೆ?

ಈಗ ಮನೆಯಲ್ಲೇ ಕೂತು ಎಂಬಿಎ ಮಾಡಬಹುದು. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿಯ ಒಪ್ಪಿಗೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ, ತರಗತಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಹೇಳಿದೆ. ಒಂದೇ ಸಮಯದಲ್ಲಿ ಎರಡು ಪದವಿ ಓದಲೂ ಅದೇ ವರ್ಷ ದಾರಿ ಮಾಡಿಕೊಟ್ಟಿತು. ಹಾಗಿರುವಾಗ ಹಾವೇರಿಯ ಹಳ್ಳಿಯ ಹುಡುಗಿಯೊಬ್ಬಳು ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಫೀಸೂ ಕಟ್ಟಿ, ನಿಮ್ಮ ಕಾಲೇಜಿಗೆ ಯಾಕೆ ಬರಬೇಕು? ಮುಖ್ಯಸ್ಥರು ಮತ್ತು ಮೇಷ್ಟ್ರುಗಳು ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಹೊಸ ಸೆಮಿನಾರ್ ಹಾಲ್ ಆಮೇಲೆ ಕಟ್ಟಿಸಬಹುದು.

ಐಐಎಂಗಳ ಲೆಕ್ಕ ಬೇರೆ, ಅವುಗಳ ಬಗ್ಗೆ ನಾನಿಲ್ಲಿ ಮಾತಾಡುತ್ತಿಲ್ಲ. ದಾವಣಗೆರೆ, ಹಾವೇರಿ, ತುಮಕೂರು, ವಿಜಯಪುರದಂಥ ಊರುಗಳಲ್ಲಿ ಯಾವುದೋ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡು, ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಸೀಟು ತುಂಬಿದರೆ ಸಾಕಪ್ಪಾ ಎಂದು ಕಾಯುವ ಕಾಲೇಜುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವುಗಳಿಗೆ ನಾನು ಹೇಳುವುದು ಇಷ್ಟೇ: ನೆಟ್‌ನಲ್ಲಿ ಪುಕ್ಕಟೆ ಸಿಗುವುದನ್ನು ಕಲಿಸುವುದು ಕಡಿಮೆ ಮಾಡಿ. ನಿಮ್ಮ ಊರಲ್ಲಿ ಮಾತ್ರ ಸಿಗುವುದನ್ನು ಕಲಿಸಲು ಶುರು ಮಾಡಿ.

ಮೊದಲು ಟೈಮ್‌ಟೇಬಲ್ ತೆಗೆಯಿರಿ. ಮಾರ್ಕೆಟಿಂಗ್‌ನ ನಾಲ್ಕು 'ಪಿ' ಯಾವುವು, ಮಾಸ್ಲೋ ಏನು ಹೇಳಿದ ಎಂದು ಬೋರ್ಡಿನ ಮೇಲೆ ಬರೆಸುವ ಗಂಟೆಗಳು ಎಷ್ಟಿವೆ ನೋಡಿ. ಅದೆಲ್ಲ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ವೇದಿಕೆಯಲ್ಲಿದೆ. ಅಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸುಗಳನ್ನು ನೋಡಿಕೊಳ್ಳುವುದೇ ನಮ್ಮ ಐಐಎಂ ಬೆಂಗಳೂರು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಕೋರ್ಸುಗಳವರೆಗೆ ಸ್ವಯಂ ಮೂಲಕ ಮಾಡಬಹುದು, ಆ ಕ್ರೆಡಿಟ್ (ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಅಂಕ) ಅದನ್ನು ಕೂಡಿಡುವ ವಿದ್ಯಾರ್ಥಿಯ ಅಕಾಡೆಮಿಕ್ ಬ್ಯಾಂಕ್ ಖಾತೆಗೆ ಸೇರುತ್ತದೆ. ನಿಮ್ಮ ವಿಶ್ವವಿದ್ಯಾಲಯ ಇದಕ್ಕೆ ಒಪ್ಪಿದೆಯೇ ಎಂದು ಮೊದಲು ಕೇಳಿ. ಒಪ್ಪಿಲ್ಲ ಎಂದರೆ ಕೈಕಟ್ಟಿ ಕೂರಬೇಕಿಲ್ಲ, ವಿಡಿಯೊ ಮನೆಯಲ್ಲಿ ನೋಡಿ ಬನ್ನಿ ಎನ್ನಿ, ತರಗತಿಯಲ್ಲಿ ಲೆಕ್ಕ ಬಿಡಿಸಿ, ವಾದ ಮಾಡಿಸಿ.

ಇಲ್ಲಿ ಒಂದು ದೊಡ್ಡ ಅಡ್ಡಿ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಾಠದ ಗಂಟೆ ಕಡಿಮೆಯಾದರೆ ವರ್ಕ್‌ಲೋಡ್ ಕಡಿಮೆಯಾಗುತ್ತದೆ, ಆಮೇಲೆ ನಮ್ಮ ಕೆಲಸವೇ ಹೋಗುತ್ತದೆ ಎಂಬ ಭಯ ಮೇಷ್ಟ್ರುಗಳಿಗೆ ಇರುತ್ತದೆ. ಆ ಭಯ ಸುಮ್ನೆ ಬಂದದ್ದಲ್ಲ. ಹಾಗಾಗಿ ಫೀಲ್ಡ್ ಕೆಲಸದ ಗಂಟೆಯೂ ವರ್ಕ್‌ಲೋಡೇ ಎಂದು ಆಡಳಿತ ಮಂಡಳಿ ಬರಹದಲ್ಲಿ ಕೊಡಬೇಕು, ಅದೂ ಮೊದಲೇ. ಅದಿಲ್ಲದೆ ಮುಂದಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾವೇರಿ ಜಿಲ್ಲೆಯ ಕಾಲೇಜಾದರೆ ನಿಮ್ಮ ಪಕ್ಕದಲ್ಲೇ ಬ್ಯಾಡಗಿ ಇದೆ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿ, ಅದಕ್ಕೆ 2011ರಲ್ಲಿ ಸಿಕ್ಕ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಕಾನೂನು ರಕ್ಷಣೆ), ಆ ಕಾಯಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆಯುವ ಕಂಪನಿಗಳು, ಇ-ಟೆಂಡರ್, ಸಾಲುಸಾಲು ಕೋಲ್ಡ್ ಸ್ಟೋರೇಜ್, ದಲಾಲರು. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಎಂಬಿಎ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ ಹೇಳಿ? ದರ ಹೇಗೆ ನಿಗದಿಯಾಗುತ್ತದೆ, ಹಿಂದಿನ ವರ್ಷದ ದಾಸ್ತಾನು ಎಷ್ಟಿತ್ತು, ತೇವಾಂಶ ಅಳೆಯುವವರು ಯಾರು, ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಮಾಲಿನ ಮೇಲೆ ಸಾಲ ಪಡೆದ ರೈತನಿಗೆ ಬಾಡಿಗೆ ಮತ್ತು ಬಡ್ಡಿ ಕಳೆದು ಏನು ಉಳಿಯುತ್ತದೆ, ದರ ಬೀಳುವ ಸುದ್ದಿ ಮೊದಲು ಯಾರಿಗೆ ಗೊತ್ತಾಗುತ್ತದೆ. ಈ ಐದು ಪ್ರಶ್ನೆಗಳಲ್ಲಿ ಫೈನಾನ್ಸ್, ಆಪರೇಷನ್ಸ್, ಮಾರ್ಕೆಟಿಂಗ್ ಮೂರೂ ಬಂದವು.

ಮಾಡುವುದು ಹೀಗೆ. ಎಪಿಎಂಸಿ ಕಾರ್ಯದರ್ಶಿಗೆ ಒಂದು ಪತ್ರ ಕೊಡಿ. ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪು ಮಾಡಿ, ಒಂದು ಗುಂಪು ರೈತರ ಜೊತೆ, ಒಂದು ದಲಾಲರ ಜೊತೆ, ಒಂದು ಖರೀದಿದಾರರ ಜೊತೆ, ಒಂದು ಹಮಾಲರ ಜೊತೆ. ಸೆಮಿಸ್ಟರ್ ಪೂರ್ತಿ ಮಾರುಕಟ್ಟೆಯ ದಿನಗಳಲ್ಲಿ ಅದೇ ಗುಂಪು ಅಲ್ಲಿಗೇ ಹೋಗಬೇಕು. ಒಂದು ದಿನ ಬಸ್ಸಲ್ಲಿ ಹೋಗಿ ಫೋಟೊ ತೆಗೆಸಿಕೊಂಡು ಬರುವ ಇಂಡಸ್ಟ್ರಿಯಲ್ ವಿಸಿಟ್‌ನಿಂದ ಯಾರೂ ಏನೂ ಕಲಿತಿಲ್ಲ. ಕೊನೆಗೆ ಎಲ್ಲ ಗುಂಪುಗಳ ಲೆಕ್ಕವನ್ನೂ ಒಂದೇ ಮೇಜಿನ ಮೇಲಿಡಿ, ಒಬ್ಬರ ಅಂಕಿ ಇನ್ನೊಬ್ಬರ ಅಂಕಿಗೆ ಹೊಂದುವುದಿಲ್ಲ, ಯಾಕೆ ಹೊಂದುವುದಿಲ್ಲ ಎಂಬ ಜಗಳ ಶುರುವಾದಾಗ ಪಾಠವೂ ಶುರುವಾಗುತ್ತದೆ. ಅದನ್ನೇ ಐದಾರು ಪುಟದ ಕೇಸ್ ಆಗಿ ಬರೆಸಿ, ಮುಂದಿನ ಬ್ಯಾಚಿಗೆ ಕೊಡಿ.

ಬ್ಯಾಡಗಿ ದೂರವಾದರೆ ನಿಮ್ಮದೇ ಊರನ್ನು ನೋಡಿ. ಬೆಳಗಾವಿಗೆ ಫೌಂಡ್ರಿಗಳಿವೆ, ಶಿವಮೊಗ್ಗಕ್ಕೆ ಅಡಿಕೆ, ಇಳಕಲ್‌ಗೆ ಸೀರೆ, ಚನ್ನಪಟ್ಟಣಕ್ಕೆ ಗೊಂಬೆ. ಐಐಎಂ ಬೆಂಗಳೂರು ಶುರುವಾದ 1973ರಲ್ಲೇ ಮಂಗಳೂರಿನಲ್ಲಿ ಕ್ಯಾಂಪ್ಕೊ ಶುರುವಾಯಿತು. ಅಡಿಕೆ ಬೆಳೆಗಾರರ ಈ ಸಹಕಾರಿ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ ಎಂಬುದನ್ನು ನಮ್ಮ ಎಷ್ಟು ಮಕ್ಕಳು ತರಗತಿಯಲ್ಲಿ ಓದಿದ್ದಾರೆ? ಸ್ಟಾರ್‌ಬಕ್ಸ್ ಕೇಸ್ ಮಾತ್ರ ಎಲ್ಲರಿಗೂ ಗೊತ್ತು.

ಕನ್ನಡದ ವಿಷಯವೂ ಇಲ್ಲೇ ಬರುತ್ತದೆ. ರಿಪೋರ್ಟ್ ಇಂಗ್ಲಿಷಿನಲ್ಲಿ ಇರಲಿ, ಕೆಲಸಕ್ಕೆ ಅದು ಬೇಕು. ಆದರೆ ವ್ಯಾಪಾರಿಯ ಹತ್ತಿರ ಉದ್ರಿ ಎಷ್ಟು ದಿನ ಕೊಡುತ್ತೀರಿ, ವಸೂಲಿ ಹೇಗೆ ಎಂದು ಕನ್ನಡದಲ್ಲಿ ಸಲೀಸಾಗಿ ಕೇಳಿ ತಿಳಿಯುವುದೂ ಒಂದು ಕೌಶಲ. ಅದಕ್ಕೂ ಅಂಕ ಕೊಡಿ. ಹಳ್ಳಿಯಿಂದ ಬಂದು ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳು ಈ ಕೆಲಸದಲ್ಲಿ ಮುಂದೆ ಬರುತ್ತಾರೆ, ಅವರ ಧೈರ್ಯ ಬೆಳೆಯುತ್ತದೆ. ನನಗೆ ಇಡೀ ಬದಲಾವಣೆಯಲ್ಲಿ ತುಂಬಾ ಮುಖ್ಯ ಅನ್ನಿಸುವುದು ಇದೇ.

ಪರೀಕ್ಷೆ ಮತ್ತು ಪ್ರಾಜೆಕ್ಟ್. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು, ಅಲ್ಲಿಂದ ಮನೆಯಲ್ಲಿ ಬರೆದು ತರುವ ಅಸೈನ್‌ಮೆಂಟಿಗೆ ಅರ್ಥ ಉಳಿದಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೂ ಮುಂಚೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಸಿಗುತ್ತಿತ್ತು. ಎಐ ನಿಷೇಧಿಸಿ ಪ್ರಯೋಜನವಿಲ್ಲ. ಅದರ ಕೈಲಿ ಮೊದಲ ಕರಡು ಬರೆಸಿ, ತಾವು ಮಾರುಕಟ್ಟೆಯಲ್ಲಿ ಕಂಡ ಅಂಕಿಗಳನ್ನು ಇಟ್ಟುಕೊಂಡು ಅದರ ತಪ್ಪು ಹುಡುಕಿ ಎನ್ನಿ. ಮೂಲ ನೋಟ್‌ಬುಕ್ ನೋಡಿ. ವೈವಾ ಕಾಲು ಗಂಟೆಯಾದರೂ ಇರಲಿ. ವಿಶ್ವವಿದ್ಯಾಲಯದ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲ, ಇಂಟರ್ನಲ್ ಅಂಕ ಇದೆ ಅಲ್ವಾ? ಅಲ್ಲಿಂದ ಶುರು ಮಾಡಿ.

ಪಾಠ ಮಾಡುವವರ ವಿಷಯಕ್ಕೆ ಬಂದರೆ, ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ದಾರಿಯನ್ನು ಯುಜಿಸಿ 2022ರಲ್ಲಿ ತೆರೆದಿದೆ. ಪಿಎಚ್‌ಡಿ ಇಲ್ಲದ ಅನುಭವಿಗಳನ್ನೂ ತೆಗೆದುಕೊಳ್ಳಬಹುದು, ಮಂಜೂರಾದ ಹುದ್ದೆಗಳ ಶೇ. 10ರ ಮಿತಿ ಇದೆ. ಆದರೆ ಆ ನಿಯಮ ಕೇಳುವ ವರ್ಷಗಳ ಅನುಭವ ಇರುವವರು ಸಣ್ಣ ಊರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹುದ್ದೆಯ ಹೆಸರು ಬಿಡಿ, ಹಾಲು ಒಕ್ಕೂಟದ ಮಾರಾಟ ವಿಭಾಗದವರು, ಜಿಎಸ್‌ಟಿ ನೋಡುವ ಅಕೌಂಟೆಂಟ್, ಊರಿನ ಬ್ಯಾಂಕ್ ಮ್ಯಾನೇಜರ್ ಇಂಥವರನ್ನು ಒಂದು ಪೂರ್ತಿ ಮಾಡ್ಯೂಲ್‌ಗೆ ಕರೆಸಿ. ಸಂಭಾವನೆ ಕೊಡಿ. ಶಾಲು ಹೊದಿಸಿ ಕಳಿಸುವ ಒಂದು ಗಂಟೆಯ ಭಾಷಣ ಬೇಡ.

ಬಿಬಿಎ ಕೂಡ ನಡೆಸುವವರಿಗೆ ಒಂದು ಮಾತು. 2024-25ರಿಂದ ಬಿಬಿಎಗೂ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಒಪ್ಪಿಗೆ ಬೇಕು. ಅದೇ ವರ್ಷ ರಾಜ್ಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬಿಬಿಎ ಮುಗಿಸಿ ಬಂದವರಿಗೆ ಎಂಬಿಎ ಮೊದಲ ಸೆಮಿಸ್ಟರ್‌ನಲ್ಲಿ ಅದೇ ಪಾಠ ಮತ್ತೆ ಮಾಡಬೇಡಿ, ಅವರನ್ನು ನೇರ ಫೀಲ್ಡ್‌ಗೆ ಕಳಿಸಿ.

ಆದಾಯಕ್ಕೆ ಬರೀ ಸೀಟು ನಂಬಿಕೊಂಡರೆ ಕಷ್ಟ. ಸಂಜೆ ಹೊತ್ತು ಕಟ್ಟಡ ಖಾಲಿ ಇರುತ್ತದೆ. ಅಂಗಡಿಯವರಿಗೆ, ಸ್ವಸಹಾಯ ಸಂಘದ ಮಹಿಳೆಯರಿಗೆ, ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರಿಗೆ ಆರೆಂಟು ವಾರದ ಕೋರ್ಸ್ ಕನ್ನಡದಲ್ಲಿ ಮಾಡಿ: ಲೆಕ್ಕ ಇಡುವುದು, ಜಿಎಸ್‌ಟಿ, ಬ್ಯಾಂಕಿಗೆ ಸಾಲದ ಅರ್ಜಿ ಬರೆಯುವುದು. ನಿಮ್ಮ ವಿದ್ಯಾರ್ಥಿಗಳೇ ಸಹಾಯಕರಾಗಲಿ. ಕೋರ್ಸ್ ಮುಗಿಸಿದವರ ಅಂಗಡಿ, ಕಂಪನಿಗಳೇ ನಾಳೆ ಆ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕೊಡುತ್ತವೆ.

ಕೊನೆಯದಾಗಿ ಪ್ಲೇಸ್‌ಮೆಂಟ್ ಬೋರ್ಡ್. ಒಬ್ಬನಿಗೆ ಸಿಕ್ಕ ದೊಡ್ಡ ಪ್ಯಾಕೇಜನ್ನು ಫ್ಲೆಕ್ಸ್ ಮಾಡಿ ಗೇಟಿಗೆ ಕಟ್ಟುವುದನ್ನು ಈ ವರ್ಷವೇ ನಿಲ್ಲಿಸಿ. ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸಂಬಳದ ಸಾಲಿನಲ್ಲಿ ಸರಿಯಾಗಿ ಮಧ್ಯದಲ್ಲಿರುವ ವಿದ್ಯಾರ್ಥಿಗೆ ಎಷ್ಟು ಸಿಗುತ್ತದೆ, ಎಷ್ಟು ಜನ ಸ್ವಂತ ವ್ಯಾಪಾರಕ್ಕೆ ಇಳಿದರು, ಎಷ್ಟು ಜನ ಇನ್ನೂ ಹುಡುಕುತ್ತಿದ್ದಾರೆ, ಇಷ್ಟನ್ನೂ ಕಾಲೇಜಿನ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಹಾಕಿ. ಅಡ್ಮಿಷನ್‌ಗೆ ಬರುವ ಅಪ್ಪ-ಅಮ್ಮಂದಿರಿಗೆ ಫೀಸಿನ ರಸೀದಿ ಕೊಡುವ ಮೊದಲು ಆ ಹಾಳೆ ಕೊಡಿ.