ಮಾತಿಲ್ಲದೆ ದನದ ಜಾತ್ರೆ ಕಟ್ಟಿದ ಬಗೆ

ತುಮಕೂರಿನ ಕಾಲೇಜೊಂದರಲ್ಲಿ ನಾನು ಪಾಠ ಮಾಡುತ್ತೇನೆ. ಯುವಜನೋತ್ಸವ ಹತ್ತಿರ ಬಂದರೆ ಮೈಮ್ ತಂಡ ತಯಾರು ಮಾಡುವ ಕೆಲಸ ನನ್ನದು. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಮಿಮಿಕ್ರಿ ಬೇರೆ, ಮೈಮ್ ಬೇರೆ. ಮಿಮಿಕ್ರಿಗೆ ಒಬ್ಬರೇ ನಿಲ್ಲಬೇಕು, ಗಂಟಲೇ ಬಂಡವಾಳ. ಮೈಮ್‌ಗೆ ಹೆಚ್ಚೆಂದರೆ 6 ಜನ, 5 ನಿಮಿಷ. ಮಾತು ಇಲ್ಲವೇ ಇಲ್ಲ. ಇನ್ನೊಬ್ಬರ ನಡೆ, ನಿಲುವು, ಕೈಬಾಯಿ ಸನ್ನೆ ಎಲ್ಲವನ್ನೂ ಮೈಯಲ್ಲೇ ತರಬೇಕು.

ನಮ್ಮ ಕಡೆ ಮಕ್ಕಳಿಗೆ ಅಭಿನಯ ಹೊಸದಲ್ಲ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ಈ ಜಿಲ್ಲೆಯಲ್ಲೇ. ಹಾಸ್ಯಪಾತ್ರಗಳಿಂದ ಮನೆಮಾತಾದ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ತುಮಕೂರಿನಲ್ಲೇ ಇದೆ. ಇವತ್ತಿಗೂ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು ಪೌರಾಣಿಕ ನಾಟಕ ಆಡುತ್ತಾರೆ. ಅಲ್ಲಿ ದುರ್ಯೋಧನನ ಗತ್ತು ಒಬ್ಬರಿಂದ ಒಬ್ಬರಿಗೆ ಇಳಿದು ಬಂದಿರುತ್ತದೆ. ಗದೆ ಹೊತ್ತು ಹೆಜ್ಜೆ ಹಾಕುವುದು, ಮೀಸೆ ತಿರುವುವುದು, ಅರ್ಧಕ್ಕೆ ನಿಂತು ತಿರುಗಿ ನೋಡುವುದು, ಎಲ್ಲ ಹಿಂದಿನ ದುರ್ಯೋಧನನದ್ದೇ. ಆ ಪರಂಪರೆ ಅಂದರೆ ನನಗೆ ಪ್ರೀತಿ. ಆದರೆ ಮೈಮ್‌ಗೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ನಟನನ್ನು ನೋಡಿ ಕಲಿಯಬೇಡಿ, ಮನುಷ್ಯನನ್ನು ನೋಡಿ ಕಲಿಯಿರಿ.

ಒಂದು ವರ್ಷ ದನದ ವ್ಯಾಪಾರವನ್ನೇ ವಸ್ತು ಮಾಡಿಕೊಂಡೆವು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದಲ್ವಾ, ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಫೋನ್ ಜೇಬಿನಲ್ಲೇ ಇರಲಿ ಅಂದೆ. ವಿಡಿಯೋ ತೆಗೆದರೆ ಕಣ್ಣು ಕೆಲಸ ಬಿಡುತ್ತದೆ. ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳ ಮುಂದೆ ಸುಮ್ನೆ ನಿಂತು ನೋಡಿದೆವು. ಕೊಳ್ಳುವವನು ಬರುತ್ತಾನೆ. ಮೊದಲು ದೂರದಿಂದ ಒಂದು ಸುತ್ತು ಹಾಕುತ್ತಾನೆ. ಆಮೇಲೆ ಬೆನ್ನ ಮೇಲೆ ಕೈಯಾಡಿಸಿ ಸುಳಿ ನೋಡುತ್ತಾನೆ. ಮೂಗುದಾರ ಹಿಡಿದು ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಹಲ್ಲೆಲ್ಲ ಬಂದು ಬಾಯಿಗೂಡಿದೆಯೋ ಅಂತ ಅದರಲ್ಲೇ ವಯಸ್ಸು ತಿಳಿಯುತ್ತದೆ. ಕೊನೆಗೆ ನಡೆಸಿ ನೋಡುತ್ತಾನೆ.

ಇಷ್ಟು ಆದ ಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮುಚ್ಚುತ್ತಾನೆ. ಅದರ ಕೆಳಗೆ ಇಬ್ಬರೂ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಪಕ್ಕದಲ್ಲಿ ನಿಂತವರಿಗೆ ಒಂದೂ ಗೊತ್ತಾಗಬಾರದು. ಹಾಗಾಗಿ ಮುಖದಲ್ಲಿ ಏನೂ ಕಾಣದು. ನಮ್ಮ ತಂಡದಲ್ಲಿ ದಲ್ಲಾಳಿ ಪಾತ್ರ ವಹಿಸಿದವಳು ಒಬ್ಬ ಹುಡುಗಿ. ಶುರುವಿನಲ್ಲಿ ಅವಳು ಹುಬ್ಬು ಹಾರಿಸಿ, ಕಣ್ಣು ಮಿಟುಕಿಸಿ, ತುಟಿ ಕಚ್ಚಿ ಮಾಡಿದಳು. ನೋಡಿದವರೆಲ್ಲ ನಕ್ಕರು. ಆದರೆ ಅದು ದಲ್ಲಾಳಿ ಅಲ್ಲ, ದಲ್ಲಾಳಿಯ ಅಣಕ.

ಈ ಅಣಕಕ್ಕೂ ಅಭಿನಯಕ್ಕೂ ಇರುವ ವ್ಯತ್ಯಾಸವನ್ನು ನಾನು ಬಿಡದೆ ಹೇಳುತ್ತೇನೆ. ಯಾರನ್ನೋ ಅಣಕಿಸುವಾಗ ಕಣ್ಣಿಗೆ ಬಿದ್ದ ಒಂದೇ ಒಂದು ಗುಣ ಹಿಡಿದು ದೊಡ್ಡದು ಮಾಡುತ್ತೇವೆ. ಕುಂಟುವುದು, ತೊದಲುವುದು, ಗೂನು ಬೆನ್ನು. ನನ್ನ ತಂಡದಲ್ಲಿ ಅವು ನಿಷಿದ್ಧ. ‘ಆಡ್ಕೋಬೇಡ್ರೋ’ ಅಂತ ಮನೆಯಲ್ಲಿ ಹಿರಿಯರು ಗದರುತ್ತಿದ್ದದ್ದು ಅದಕ್ಕೇ. ಅನುಕರಣೆ ಮಾಡುವಾಗ ಆ ಮನುಷ್ಯ ಹಾಗೆ ಯಾಕೆ ಮಾಡುತ್ತಾನೆ ಅನ್ನುವುದು ಗೊತ್ತಿರಬೇಕು. ಕಾರಣ ಸಿಕ್ಕಿದರೆ ಸನ್ನೆ ತಾನಾಗಿ ಬರುತ್ತದೆ. ‘ಥೇಟ್ ಅವನೇ’ ಅಂತ ಜನ ಅನ್ನುವುದು ಆಗಲೇ.

ಹಾಗಾಗಿ ಆ ಹುಡುಗಿಗೆ ಮುಖ ಬಿಟ್ಟುಬಿಡು ಅಂದೆ. ಬೆಲೆ ಮುಚ್ಚಿಡಬೇಕು, ಅದೊಂದೇ ನಿನ್ನ ಕೆಲಸ. ಮುಖ ಸುಮ್ಮನಾಯಿತು. ಎಲ್ಲವೂ ಮೊಣಕೈ, ಹೆಗಲಿಗೆ ಬಂತು. ಬೆಲೆ ಏರಿಸುವಾಗ ಮೊಣಕೈ ಒಂಚೂರು ಮುಂದೆ. ಆ ಕಡೆಯವನು ಒಪ್ಪದಿದ್ದರೆ ಅವನ ಹೆಗಲು ಹಿಂದಕ್ಕೆ. ಟವೆಲ್ ಒಂದು ನಿಜವಾದದ್ದೇ ಬಳಸಬಹುದಲ್ವಾ ಅಂತ ಕೇಳಿದಳು. ಬೇಡ ಅಂದೆ. ಇಲ್ಲದ ಟವೆಲ್ ಹೇಗೆ ತೂಗುತ್ತದೆ ಅನ್ನುವುದನ್ನು ಬೆರಳು ತೋರಿಸಬೇಕು.

ಇಲ್ಲದ ವಸ್ತು ಹಿಡಿಯುವುದಕ್ಕೆ ಒಂದು ಗಟ್ಟಿ ನಿಯಮವಿದೆ. ಗಾಳಿಯಲ್ಲಿ ಮುಟ್ಟಿದ ಜಾಗ ಕದಲಬಾರದು. ಹಗ್ಗ ಹಿಡಿದರೆ ಮೈ ಹಿಂದೆ ಮುಂದೆ ಹೋಗಲಿ, ಮುಷ್ಟಿ ಹಗ್ಗದ ಮೇಲೇ ಇರಲಿ. ಮುಷ್ಟಿ ಅಲುಗಿದರೆ ಹಗ್ಗ ಮಾಯ. ಇದನ್ನು ಗೋಡೆಗೆ ಅಂಗೈ ಒತ್ತಿ, ಗೋಡೆಯಿಂದ ಒಂದು ಗೇಣು ದೂರ ಸರಿದು, ಅಂಗೈ ಅಲ್ಲೇ ಇದೆ ಅಂದುಕೊಂಡು ಅಭ್ಯಾಸ ಮಾಡಿಸುತ್ತೇನೆ. ಇನ್ನೊಂದು, ಎಳೆತ ಕೈಯಿಂದ ಬರುವುದಿಲ್ಲ. ಎತ್ತು ಎಳೆಯುವ ರೈತನ ಹಿಮ್ಮಡಿ ನೋಡಿ. ಮೊದಲು ಹಿಮ್ಮಡಿ ನೆಲ ಕಚ್ಚುತ್ತದೆ, ಸೊಂಟ ಹಿಂದಕ್ಕೆ ಹೋಗುತ್ತದೆ, ಆಮೇಲೆ ತೋಳು. ಬೇರೆಯವರನ್ನು ನಕಲು ಮಾಡಬೇಕೆಂದರೆ ಪಾದದಿಂದ ಶುರು ಮಾಡುವುದೇ ಸರಿ. ಆ ಮನುಷ್ಯ ಭಾರ ಎಲ್ಲಿ ಇಡುತ್ತಾನೆ ಅಂತ ಗೊತ್ತಾದರೆ ಮುಖ ಕೊನೆಗೆ ತಾನೇ ಕೂರುತ್ತದೆ. ಮುಖದಿಂದ ಶುರು ಮಾಡಿದವರಿಗೆ ಕಾಲು ಸಿಗುವುದು ಕಷ್ಟ.

ಎತ್ತಿನ ಪಾತ್ರಕ್ಕೆ ಇಬ್ಬರು ಹುಡುಗರು. ನಾಲ್ಕು ಕಾಲ ಮೇಲೆ ನಡೆಯಲು ಹೊರಟರು. ಅದು ಬೇಡ, ನಿಂತೇ ಮಾಡಿ ಅಂದೆ. ಕತ್ತು ಮತ್ತು ಉಸಿರು ಸಾಕು. ಗಿರಾಕಿ ತುಟಿ ಎತ್ತಿದಾಗ ಕತ್ತು ಹಿಂದಕ್ಕೆಳೆದು ಮೂಗಿನಿಂದ ಉಸಿರು ಬಿಟ್ಟರೆ ಎತ್ತು ಕಣ್ಣೆದುರಿಗೆ ಬರುತ್ತದೆ.

ಸ್ಪರ್ಧೆಗೆ ಮೊದಲು ನಾನು ತಪ್ಪದೆ ಮಾಡುವ ಕೆಲಸ ಒಂದಿದೆ. ಯಾರ ಕೆಲಸವನ್ನು ಆಡುತ್ತಿದ್ದೇವೋ ಅವರಿಗೇ ತೋರಿಸುತ್ತೇನೆ. ಆ ಸಲ ತಂಡದ ಹುಡುಗನೊಬ್ಬನ ತಂದೆ ಬಂದಿದ್ದರು, ದನದ ವ್ಯಾಪಾರ ಗೊತ್ತಿದ್ದವರು. ಕಾಲೇಜಿನ ಹಾಲ್‌ನಲ್ಲಿ ನೆಲದ ಮೇಲೇ ಕೂತು ಪೂರ್ತಿ ನೋಡಿದರು. ಹುಡುಗಿಯನ್ನು ಹತ್ತಿರ ಕರೆದು, ‘ಚೆನ್ನಾಗಿ ಮಾಡ್ತೀಯ ಕಣವ್ವ. ಆದ್ರೆ ಅಷ್ಟು ಅವಸರ ಯಾಕೆ? ಬೆರಳು ಹಿಡಿದ ಮೇಲೆ ಸ್ವಲ್ಪ ಹೊತ್ತು ಬೇರೆ ಕಡೆ ನೋಡು. ಅವನೇ ಕಾಯ್ಲಿ’ ಅಂದರು. ತಮ್ಮ ಟವೆಲ್ ಹಾಸಿ, ಅವಳ ಬೆರಳು ಹಿಡಿದು, ದೂರದ ಕಿಟಕಿ ನೋಡುತ್ತಾ ನಿಂತರು. ಹಾಲ್‌ನಲ್ಲಿದ್ದ ನಮ್ಮೆಲ್ಲರಿಗೂ ಬೆಲೆ ಎಷ್ಟು ಅಂತ ಕೇಳುವ ತವಕ ಹುಟ್ಟಿತು. ಎತ್ತಿನ ಓಡಾಟದಲ್ಲಿ ಸ್ವಲ್ಪ ಕತ್ತರಿಸಿ, ಆ ಕಾಯುವಿಕೆಗೆ ಜಾಗ ಮಾಡಿದೆವು.